ಬುಧವಾರದವರು

೬ ಜನವರಿ

ಚೂಟಿಯ ಅಪ್ಪನಿಗೆ,

ತಲುಪಿದೆವು. ಅಕ್ಕನ ಮನೆಯ ಹಿಂದಿನ ಕೋಣೆ ನಮಗೆ. ಭಾವ ಏನೂ ಕೇಳಲಿಲ್ಲ. ಕೇಳುತ್ತಿಲ್ಲ ಎಂಬುದು ಮಾತ್ರ ಎಲ್ಲರಿಗೂ ಕಾಣುವ ಹಾಗೆ ಓಡಾಡುತ್ತಾರೆ. ಚೂಟಿಯನ್ನು ಇಲ್ಲಿಯ ಶಾಲೆಯಲ್ಲಿ ಸದ್ಯಕ್ಕೆ ಕೂರಿಸಿಕೊಂಡಿದ್ದಾರೆ. ನನಗೊಂದು ರೆಡಿಮೇಡ್ ಅಂಗಡಿಯಲ್ಲಿ ಆಲ್ಟರೇಷನ್ ಕೆಲಸ ಸಿಕ್ಕಿದೆ. ಬೆಳಗಿಂದ ಸಂಜೆವರೆಗೆ ಕಂಡವರ ಪ್ಯಾಂಟಿನ ಕಾಲು ಮಡಚಿ ಹೊಲಿಯುವುದೇ ಕೆಲಸ.

ಫೋನ್ ಮಾಡಬೇಡಿ ಎಂದು ಹೇಳಿ ಬಂದೆನಲ್ಲ, ಅದು ಸಿಟ್ಟಿಗೆ ಹೇಳಿದ್ದಲ್ಲ. ಫೋನಿನಲ್ಲಿ ನೀವು ಹೇಳುವ ಮಾತು ನನಗೆ ಕೇಳಿಸುವುದೇ ಇಲ್ಲ. ನಾಲಿಗೆ ತೊದಲುತ್ತಿದೆಯೋ ಇಲ್ಲವೋ, ಅಷ್ಟೇ ಕೇಳಿಸುತ್ತದೆ. ಹನ್ನೊಂದು ವರ್ಷದಲ್ಲಿ ಕಿವಿ ಹಾಗಾಗಿ ಹೋಗಿದೆ. ಅದಕ್ಕೇ ಪತ್ರ ಬರೆಯಿರಿ. ಕಾಗದಕ್ಕೆ ವಾಸನೆ ಇರುವುದಿಲ್ಲ.

ಚೂಟಿಯನ್ನು ಮುಂದಿನ ವರ್ಷಕ್ಕೂ ಸೇರಿಸುತ್ತೀರೋ ಇಲ್ಲವೋ ಎಂದು ಶಾಲೆಯವರಿಗೆ ಏಪ್ರಿಲ್ ಹತ್ತರೊಳಗೆ ಹೇಳಬೇಕು. ಅಷ್ಟರಲ್ಲಿ ನೀವು ಕುಡಿತ ಬಿಟ್ಟರೆ ನಾವು ಮನೆಗೆ ಬರುತ್ತೇವೆ. ಬಿಡದಿದ್ದರೆ ನಾವಿನ್ನು ಇಲ್ಲಿಯವರೇ. ಇದನ್ನು ಅಳುತ್ತಾ ಬರೆಯುತ್ತಿಲ್ಲ, ಯೋಚಿಸಿ ಬರೆಯುತ್ತಿದ್ದೇನೆ.

ಜೊತೆಗೆ ಒಂದು ಚೀಟಿ ಇಟ್ಟಿದ್ದೇನೆ. ಗ್ರಂಥಾಲಯದ ಮಹಡಿ, ಬುಧವಾರ ಸಂಜೆ ಆರು ಗಂಟೆ. ಬಿಡಬೇಕು ಅನ್ನುವವರು ಅಲ್ಲಿ ಸೇರುತ್ತಾರಂತೆ. ಹೆಸರು ಕೂಡ ಹೇಳಬೇಕಾಗಿಲ್ಲವಂತೆ. ನಿಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆ. ಚೀಟಿ ನನ್ನ ಹತ್ತಿರ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ.

ಚೂಟಿಯ ಅಮ್ಮ


೧೫ ಜನವರಿ

ಚೂಟಿಯ ಅಮ್ಮನಿಗೆ,

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಬರೆಯುತ್ತಿದ್ದೇನೆ. ಒಂಬತ್ತು ಹೊಲಿಗೆ ಮಷಿನ್‌ಗಳು ರಿಪೇರಿಗೆ ಕಾದು ಕುಳಿತಿವೆ, ಕಾಯಲಿ.

ನಿನ್ನೆ ಗ್ರಂಥಾಲಯಕ್ಕೆ ಹೋಗಿದ್ದೆ. ಮಹಡಿಗೆ ಹದಿನೆಂಟು ಮೆಟ್ಟಿಲು. ಹನ್ನೊಂದು ಹತ್ತಿದೆ. ಮೇಲಿನ ಕೋಣೆಯಿಂದ ಯಾರೋ ನಗುವುದು ಕೇಳಿಸಿತು. ಕುಡಿತ ಬಿಟ್ಟವರು ನಗುತ್ತಾರೆಯೇ ಎಂದು ಗಾಬರಿಯಾಗಿ ಇಳಿದುಬಿಟ್ಟೆ. ಕೆಳಗೆ ಗ್ರಂಥಪಾಲಕ, "ಏನ್ ಸಾರ್, ಯಾವ ಪುಸ್ತಕ ಬೇಕಿತ್ತು?" ಎಂದ. ಆತ ಕೊಟ್ಟ ಫಾರಂ ತುಂಬಿ, ಸದಸ್ಯನಾಗಿ, ಕೈಗೆ ಸಿಕ್ಕಿದ ಪುಸ್ತಕ ತೆಗೆದುಕೊಂಡು ಬಂದೆ. ಜೇನು ಸಾಕುವುದು ಹೇಗೆ ಎಂಬ ಪುಸ್ತಕ. ಹೋದ ಪುಟ್ಟ ಬಂದ ಪುಟ್ಟ ಅನ್ನುತ್ತಾರಲ್ಲ, ನಿನ್ನ ಗಂಡನನ್ನು ನೋಡಿಯೇ ಅಂದಿರಬೇಕು.

ಮೊನ್ನೆ ರಸ್ತೆಯ ಆಚೆ ಯಾರೋ ಮಷಿನ್ ತುಳಿಯುತ್ತಿದ್ದರು. ಥೇಟ್ ನಿನ್ನ ಹಾಗೆ, ಮೂರು ಸಲ ತುಳಿದು ಒಂದು ಗಳಿಗೆ ನಿಲ್ಲಿಸಿ. ಸ್ಕ್ರೂಡ್ರೈವರ್ ಹಿಡಿದುಕೊಂಡೇ ಎದ್ದು ಹೋದೆ. ಯಾರೋ ಮುದುಕ, ದಿಂಬಿನ ಚೀಲ ಹೊಲಿಯುತ್ತಿದ್ದ. "ರಿಪೇರಿಗೆ ನಾನು ಕರೆದಿಲ್ಲವಲ್ಲಪ್ಪಾ?" ಎಂದ.

ಮುಂದಿನ ಬುಧವಾರ ಮತ್ತೆ ಹೋಗುತ್ತೇನೆ. ನಂಬು ಎಂದು ಬರೆಯಲು ಮುಖವಿಲ್ಲ.

ಚೂಟಿಯ ಅಪ್ಪ


೨೩ ಜನವರಿ

ಚೂಟಿಯ ಅಪ್ಪನಿಗೆ,

ಕವರ್ ನೋಡುತ್ತಲೇ ಗೊತ್ತಾಯಿತು. ನಿಮ್ಮ ಅಕ್ಷರ ನನಗೆ ಗೊತ್ತಿಲ್ಲವೇ? ಅಂಗಡಿಯಲ್ಲಿ ರಸೀದಿ ಬರೆದರೆ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಇದು ನೋಡಿದರೆ ಮಸಿಯಲ್ಲಿ ಬಿದ್ದ ಇರುವೆ ಎದ್ದು ಹೋದ ಹಾಗಿದೆ. ಬೆಳಿಗ್ಗೆ ಬರೆದದ್ದು ಎಂದು ಬೇರೆ ಹೇಳುತ್ತೀರಿ. ಅಂದರೆ ಹಲ್ಲುಜ್ಜುವ ಮೊದಲೇ ಶುರು ಎಂದಾಯಿತು!

ಅಕ್ಕ ನೋಡಿದಳು. "ನಾಯಿ ಬಾಲ ಡೊಂಕು ಕಣೇ, ಅದಕ್ಕೆ ನಳಿಕೆ ಕಟ್ಟೋಕೆ ಹೋಗ್ತೀಯಲ್ಲ" ಎಂದಳು. ಜೇನಿನ ಪುಸ್ತಕದ ಕಥೆಗೆ ನಗು ಬಂದಿತ್ತು, ಅವಳ ಮುಂದೆ ಅದೂ ಹೋಯಿತು.

ಕುಡಿದು ಬರೆಯಬೇಡಿ. ಇನ್ನೊಮ್ಮೆ ಇಂಥ ಕೈಯ ಪತ್ರ ಬಂದರೆ ಒಡೆಯುವುದೇ ಇಲ್ಲ, ಹಾಗೇ ವಾಪಸ್ ಕಳಿಸುತ್ತೇನೆ.

ಚೂಟಿಯ ಅಮ್ಮ


೨ ಫೆಬ್ರವರಿ

ಚೂಟಿಯ ಅಮ್ಮನಿಗೆ,

ನಾಲ್ಕು ದಿನವಾಯಿತು, ಒಂದು ಹನಿ ಮುಟ್ಟಿಲ್ಲ. ಅದಕ್ಕೇ ಅಕ್ಷರ ಹೀಗಿದೆ.

ನೀನು ತಿಳಿದದ್ದು ತಿರುಗಾಮುರುಗಾ. ಕುಡಿಯದಿದ್ದರೆ ನನ್ನ ಕೈ ನಡುಗುತ್ತದೆ, ಕುಡಿದರೆ ನಿಲ್ಲುತ್ತದೆ. ಮೂರು ವರ್ಷದಿಂದ ಹೀಗೇ. ಬೆಳಿಗ್ಗೆ ಅಂಗಡಿ ತೆಗೆದು ಒಂದು ಗುಟುಕು ಹಾಕದೆ ಮಷಿನ್‌ಗೆ ಒಂದು ಸೂಜಿ ಕೂರಿಸಲು ಆಗುತ್ತಿರಲಿಲ್ಲ. ನಿನಗೆ ಹೇಳಲಿಲ್ಲ. ಆ ರಸೀದಿಯ ಮುತ್ತುಗಳನ್ನೆಲ್ಲ ಕುಡಿದೇ ಪೋಣಿಸಿದ್ದು. ಹೋದ ಪತ್ರವನ್ನು ಬರೆಯುವಾಗ ಇನ್ನೂ ಕುಡಿದಿರಲಿಲ್ಲ.

ಬುಧವಾರ ಹದಿನೆಂಟೂ ಮೆಟ್ಟಿಲು ಹತ್ತಿದೆ. ಹತ್ತು ಹನ್ನೆರಡು ಜನ, ಬಹಳ ಮಂದಿ ಹೆಂಗಸರು. ನಡೆಸುವವರು ರಿಟೈರ್ ಆದ ನರ್ಸ್, ಎಲ್ಲರೂ ಸಿಸ್ಟರಮ್ಮ ಅನ್ನುತ್ತಾರೆ. "ನಿಮ್ಮಲ್ಲಿ ಯಾರಪ್ಪಾ ಕುಡಿಯೋರು?" ಎಂದು ಕೇಳಿದರು. ಪ್ರಶ್ನೆ ಒಂದು ಥರ ಇದೆಯಲ್ಲ ಅನ್ನಿಸಿತು. "ಹತ್ತಿರದವರೇ" ಎಂದೆ. "ತಮ್ಮನಾ?" ಎಂದರು. ತಲೆ ಆಡಿಸಿದೆ. ಆಮೇಲೆ ಬಸ್ ಕಂಡಕ್ಟರ್ ಹೆಂಗಸೊಬ್ಬರು "ನನ್ನ ಗಂಡ" ಎಂದು ಶುರು ಮಾಡಿದಾಗ ನನಗೆ ಹೊಳೆಯಿತು. ಇದು ಕುಡಿಯುವವರ ಗುಂಪಲ್ಲ ಮಾರಾಯ್ತಿ, ಕುಡಿಯುವವರ ಮನೆಯವರ ಗುಂಪು! ಕುಡಿಯುವವರು ಸೇರುವುದು ಶುಕ್ರವಾರ. ನೀನು ಕೊಟ್ಟ ಚೀಟಿಯ ದಿನವೇ ಬೇರೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನಗೆ ಹೆಗಲು ಮುಟ್ಟಲೂ ಭಯ. ಎದ್ದು ಹೋಗಬೇಕಿತ್ತು. ಆದರೆ ಕಂಡಕ್ಟರಮ್ಮ ಹೇಳುತ್ತಿದ್ದರು: "ಗೇಟಿನ ಚಿಲಕ ಒಂದೇ ಸಲಕ್ಕೆ ತೆಗೆದ್ರೆ ಊಟ ಬಡಿಸ್ತೀನಿ. ಎರಡು ಮೂರು ಸಲ ತಡಕಾಡಿದ್ರೆ ಮಗೂನ ಎತ್ತಿಕೊಂಡು ಒಳಗಡೆ ರೂಮಿಗೆ ಹೋಗ್ತೀನಿ." ನೀನು ಎಷ್ಟೋ ಸಲ ಹಾಗೆ ಒಳಗೆ ಹೋಗಿದ್ದು ನೆನಪಾಯಿತು. ನಿದ್ದೆ ಬಂದಿತ್ತು ಅಂದುಕೊಂಡಿದ್ದೆ. ನೀನೂ ಚಿಲಕದ ಸದ್ದು ಕೇಳಿಸಿಕೊಳ್ಳುತ್ತಿದ್ದೆಯಾ?

ಅಲ್ಲಿ ಕುಳಿತಿದ್ದರೆ ನೀನೇ ಪಕ್ಕದಲ್ಲಿ ಮಾತಾಡಿದ ಹಾಗಾಗುತ್ತದೆ. ಅದಕ್ಕೇ ಏಳಲು ಮನಸ್ಸು ಬರಲಿಲ್ಲ. ಈ ಶುಕ್ರವಾರ ನನ್ನ ಗುಂಪಿಗೆ ಹೋಗುತ್ತೇನೆ. ನೀನೊಂದು ಸಾಲು ಬರೆದರೆ ಸಾಕು, ಹಿಡಿದುಕೊಂಡು ನಿಲ್ಲುತ್ತೇನೆ.

ಚೂಟಿಯ ಅಪ್ಪ


೧೦ ಫೆಬ್ರವರಿ

ನಿಮ್ಮ ಪತ್ರವನ್ನು ಒಡೆಯದೆ ಇದರ ಜೊತೆಗೇ ವಾಪಸ್ ಕಳಿಸುತ್ತಿದ್ದೇನೆ. ವಿಳಾಸ ಬರೆದ ಕೈ ನೋಡಿದೆ, ಸಾಕು. "ಇದು ಯಾವ ಮನೆ ನಂಬರಮ್ಮಾ, ಏಳೋ ಒಂದೋ?" ಎಂದು ಪೋಸ್ಟ್‌ಮ್ಯಾನ್ ನನ್ನನ್ನೇ ಕೇಳಿದ. ನಾನು ತಲೆ ತಗ್ಗಿಸಿ ತೆಗೆದುಕೊಂಡೆ. ಚೂಟಿ ಆರೋಗ್ಯವಾಗಿದ್ದಾಳೆ.


೨೧ ಫೆಬ್ರವರಿ

ಚೂಟಿಯ ಅಮ್ಮನಿಗೆ,

ನೀನು ಕಳಿಸಿದ ಕವರ್ ತಲುಪಿತು. ಆ ಪತ್ರದಲ್ಲಿ ವಿಶೇಷವೇನೂ ಇರಲಿಲ್ಲ, ಬಿಡು.

ಬುಧವಾರ ತಪ್ಪದೆ ಹೋಗುತ್ತಿದ್ದೇನೆ. ಜನ ಒಳ್ಳೆಯವರು. ಫ್ಲಾಸ್ಕಿನಲ್ಲಿ ಚಹಾ ತರುತ್ತಾರೆ. ಒಬ್ಬರು ಕಂಡಕ್ಟರಮ್ಮ, ಒಬ್ಬರು ರಿಟೈರ್ ಆದ ಗಣಿತದ ಮೇಷ್ಟರು, ಇನ್ನೊಬ್ಬಾಕೆ ಬ್ಯಾಂಕಿನವರು. ಮೊನ್ನೆ ಆ ಬ್ಯಾಂಕಿನಾಕೆ ಹೇಳಿದರು, ಆಫೀಸಿನಲ್ಲಿ ಯಾರಾದರೂ ಗಂಡನ ವಿಷಯ ಕೇಳಿದರೆ ಜ್ವರ ಅನ್ನುತ್ತಾರಂತೆ. "ಹದಿನಾಲ್ಕು ವರ್ಷದಿಂದ ಅವರಿಗೆ ಜ್ವರ" ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನೀನು ನನಗೆ ಯಾವ ಕಾಯಿಲೆ ಹೇಳುತ್ತಿದ್ದೆ?

ಮನೆ ಗುಡಿಸಿ ಇಟ್ಟಿದ್ದೇನೆ. ಚೂಟಿಗೆ ಮುತ್ತು.

ಚೂಟಿಯ ಅಪ್ಪ


೩ ಮಾರ್ಚ್

ಚೂಟಿಯ ಅಪ್ಪನಿಗೆ,

ಕವರ್ ಕೈಗೆ ಬಂದಾಗ ಬಾಗಿಲಲ್ಲೇ ನಿಂತು ವಿಳಾಸವನ್ನು ಎರಡು ಸಲ ಓದಿದೆ. ಎಷ್ಟು ನೆಟ್ಟಗೆ, ಎಷ್ಟು ಚೆಂದ! ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಓಡಿ ಹೋಗಿ ಅಕ್ಕನ ಮುಖದ ಮುಂದೆ ಹಿಡಿದೆ. "ನೋಡು, ಇದು ಬಿಟ್ಟವನ ಕೈ" ಎಂದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, ಏನೂ ಅನ್ನದೆ ಅಡುಗೆಮನೆಗೆ ಹೋದಳು. ಅವಳು ಏನೂ ಅನ್ನಲಿಲ್ಲವೆಂದರೆ ಒಪ್ಪಿದಳೆಂದೇ ಅರ್ಥ.

ನೀವು ಕೇಳಿದಿರಿ, ಹೇಳುತ್ತೇನೆ. ನಾನು ಹೇಳುತ್ತಿದ್ದುದು ಬೆನ್ನುನೋವು. ಜ್ವರ ಎಂದರೆ ನೋಡಲು ಮನೆಗೆ ಬರುತ್ತಾರೆ. ಬೆನ್ನುನೋವಿಗೆ ಯಾರೂ ಬರುವುದಿಲ್ಲ.

ಮನೆಯವರೂ ಅಲ್ಲಿಗೆ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅವರ ಮಾತು ನೀವು ಕೇಳಿಸಿಕೊಳ್ಳುತ್ತಿದ್ದೀರಿ ಎಂಬ ಸಾಲನ್ನು ಮತ್ತೆ ಮತ್ತೆ ಓದಿದೆ. ಇಲ್ಲಿ ನನ್ನ ಮಷಿನ್ ದಾರ ಕಡಿಯುತ್ತದೆ. ಇಲ್ಲಿಯ ಮೆಕ್ಯಾನಿಕ್ ಬಂದು ದಾರದ ಟೆನ್ಷನ್ ಸರಿ ಮಾಡಿ ಹೋಗುತ್ತಾನೆ, ಮರುದಿನ ಮತ್ತೆ ಅದೇ ಹಾಡು. ನೀವಾದರೆ ಕಣ್ಣು ಮುಚ್ಚಿ ಸದ್ದು ಕೇಳಿಯೇ ಹೇಳುತ್ತಿದ್ದಿರಿ. ನೀವು ಹಾಗೆ ತಲೆ ವಾಲಿಸಿ ಕೇಳುವುದನ್ನು ನೋಡಬೇಕು ಎನ್ನಿಸುತ್ತದೆ. ಮದುವೆಗೆ ಮೊದಲು ಚೆನ್ನಾಗಿದ್ದ ಮಷಿನನ್ನೂ ಕೆಟ್ಟಿದೆ ಎಂದು ನಿಮ್ಮ ಅಂಗಡಿಗೆ ತರುತ್ತಿದ್ದೆ. ಈಗ ಹೇಳಿದರೆ ತಪ್ಪಿಲ್ಲ.

ಚೂಟಿಯ ಅಮ್ಮ


೧೨ ಮಾರ್ಚ್

ಚೂಟಿಯ ಅಮ್ಮನಿಗೆ,

ಗೊತ್ತಿತ್ತು. ಚೆನ್ನಾಗಿದ್ದ ಮಷಿನನ್ನು ನಾನೂ ಮೂರು ದಿನ ಇಟ್ಟುಕೊಳ್ಳುತ್ತಿದ್ದೆ.

ನೀನು ಆ ಪತ್ರ ಬರೆದ ಮೇಲೆ ಮನೆಯಲ್ಲಿ ಇರಲಾಗುತ್ತಿಲ್ಲ. ಅಂಗಡಿ ಮುಚ್ಚಿ ಬಂದು ಬೀಗ ತೆಗೆದರೆ ಒಳಗೆ ಅದೇ ಕತ್ತಲೆ, ಅದೇ ನಿಂತ ಗಾಳಿ. ನಿನ್ನ ಬೈಗುಳವಾದರೂ ಇದ್ದಿದ್ದರೆ ಅನ್ನಿಸುತ್ತದೆ. ಏಪ್ರಿಲ್ ಹತ್ತರವರೆಗೆ ಯಾಕೆ ಕಾಯಬೇಕು? ಬಂದುಬಿಡು. ನನಗೆ ನೀನು ಬೇಕು.

ಚೂಟಿಯ ಅಪ್ಪ


೨೦ ಮಾರ್ಚ್

ಚೂಟಿಯ ಅಪ್ಪನಿಗೆ,

ಏಪ್ರಿಲ್ ಐದು, ಭಾನುವಾರ, ಬೆಳಗಿನ ರೈಲು. ಟಿಕೆಟ್ ಆಯಿತು!

ಅಕ್ಕನ ಜೊತೆ ದೊಡ್ಡ ಜಗಳ. "ಅಕ್ಷರ ನೆಟ್ಟಗಾದ್ರೆ ಗಂಡಸು ನೆಟ್ಟಗಾದ್ನೇನೇ?" ಎಂದಳು. ನಿಮ್ಮ ಎರಡೂ ಪತ್ರಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು, "ಓದು, ಇದರಲ್ಲಿ ಎಲ್ಲಿದೆ ತಪ್ಪು ತೋರಿಸು" ಎಂದೆ. ಭಾವನೇ ಬಂದು ಬಿಡಿಸಿದರು. ಅಂಗಡಿಯಲ್ಲಿ ತಿಂಗಳ ಕೊನೆಗೆ ಬಿಡುತ್ತೇನೆಂದು ಹೇಳಿದ್ದೇನೆ. ಶಾಲೆಯವರಿಗೂ ಇಲ್ಲ ಎಂದು ಹೇಳಿಬಿಡುತ್ತೇನೆ. ಚೂಟಿ ತನ್ನ ಚೀಲವನ್ನು ಆಗಲೇ ತುಂಬಿಟ್ಟಿದ್ದಾಳೆ. ದಿನಾ ಬಟ್ಟೆ ಬೇಕಾದಾಗ ಅದರಿಂದಲೇ ತೆಗೆದು ಮತ್ತೆ ತುಂಬುತ್ತಾಳೆ.

ಸ್ಟೇಷನ್ನಿಗೆ ಬನ್ನಿ. ಬೇಗ ಬನ್ನಿ.

ನಿಮ್ಮ
ಚೂಟಿಯ ಅಮ್ಮ


೨೭ ಮಾರ್ಚ್

ಚೂಟಿಯ ಅಮ್ಮನಿಗೆ,

ಬರಬೇಡ.

ಕವರಿನ ಮೇಲಿನ ವಿಳಾಸ ಸಿಸ್ಟರಮ್ಮ ಬರೆದದ್ದು. ನಾನು ಬರೆದಿದ್ದರೆ ನೀನು ಒಡೆಯುತ್ತಿರಲಿಲ್ಲ. ಮೊದಲು, ನೀನು ವಾಪಸ್ ಕಳಿಸಿದ ಪತ್ರವನ್ನು ಇದರ ಜೊತೆಗಿಟ್ಟಿದ್ದೇನೆ, ಅದನ್ನು ಓದು. ಓದಿ ಆಮೇಲೆ ಇಲ್ಲಿಗೆ ಬಾ.

ಓದಿದೆಯಾ? ಅದು ವಾಪಸ್ ಬಂದ ದಿನ ಸಂಜೆಯೇ ಕುಡಿದೆ. ನಿನ್ನ ಮೇಲೆ ಹೊರಿಸುತ್ತಿಲ್ಲ. ಕವರ್ ವಾಪಸ್ ಬರದಿದ್ದರೆ ಇನ್ನೊಂದು ನೆವ ಹುಡುಕುತ್ತಿದ್ದೆ. ಆ ಶುಕ್ರವಾರದ ಗುಂಪಿಗೂ ಹೋಗಿರಲಿಲ್ಲ. ಆಮೇಲಿನ ಎರಡು ಪತ್ರ, ನೀನು ಅಕ್ಕನಿಗೆ ತೋರಿಸಿದ ಆ ಚೆಂದದ ಅಕ್ಷರ, ಎರಡನ್ನೂ ಕೈ ನಿಲ್ಲುವಷ್ಟು ಕುಡಿದು ಬರೆದೆ. ಯಾವ ಅಕ್ಷರಕ್ಕೆ ನೀನು ಸಂತೋಷಪಡುತ್ತೀಯೆಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ನಿನ್ನ ಕಣ್ಣಿಗೆ ಮಣ್ಣೆರಚಿದೆ.

ಬುಧವಾರ ಮಾತ್ರ ತಪ್ಪಿಸಲಿಲ್ಲ. ಒಂಬತ್ತು ಬುಧವಾರ ತಮ್ಮನಿಗಾಗಿ ಬರುವ ಅಣ್ಣನ ಹಾಗೆ ಕುಳಿತೆ. ವಾಸನೆ ಬಾರದ ಹಾಗೆ ಆ ದಿನ ಮಧ್ಯಾಹ್ನದಿಂದ ಮುಟ್ಟುತ್ತಿರಲಿಲ್ಲ. ನಡುಗುವ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಅವರು ಮಾತಾಡುವುದನ್ನು ಕೇಳಿದರೆ ನಿನ್ನನ್ನೇ ಕೇಳಿದ ಹಾಗಿರುತ್ತಿತ್ತು. ಅಷ್ಟಕ್ಕೇ ಹೋಗುತ್ತಿದ್ದೆ.

ಮೊನ್ನೆ ಬುಧವಾರ ನಿನ್ನ ಟಿಕೆಟ್ಟಿನ ಪತ್ರ ಜೇಬಿನಲ್ಲಿತ್ತು. ಕಂಡಕ್ಟರಮ್ಮ ಹೇಳಿದರು: "ಮೂರು ಸಲ ವಾಪಸ್ ಹೋಗಿದ್ದೀನ್ರೀ. ಮೂರು ಸಲಾನೂ ಒಳ್ಳೇ ಕಾಗದ ಬಂದಿತ್ತು." ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು ನಿಂತು, "ನನಗೆ ತಮ್ಮ ಇಲ್ಲ. ಕುಡಿಯೋನು ನಾನೇ. ನಾನು ಶುಕ್ರವಾರದವನು" ಎಂದೆ.

ಸಿಸ್ಟರಮ್ಮ ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟರು. ಆಮೇಲೆ ಮೇಷ್ಟರು, "ಅಯ್ಯೋ ಮಹಾರಾಯ, ಇಲ್ಲದ ತಮ್ಮನಿಗೆ ಬುದ್ಧಿ ಬರಲಿ ಅಂತ ಎರಡು ತಿಂಗಳಿಂದ ಎಷ್ಟು ಮರುಗಿದೆವಲ್ಲಯ್ಯಾ!" ಎಂದು ನಕ್ಕುಬಿಟ್ಟರು. ಅವರ ಮಗನೂ ಕುಡಿಯುತ್ತಾನೆ. ಕಂಡಕ್ಟರಮ್ಮ ನಗಲಿಲ್ಲ. "ನಮ್ಮ ಮನೆ ಮಾತೆಲ್ಲ ಕದ್ದು ಕೇಳಿಸಿಕೊಂಡ್ರಲ್ಲ, ಈಗಾದ್ರೂ ಗೊತ್ತಾಯ್ತಾ?" ಎಂದರು. ಗೊತ್ತಾಯಿತಮ್ಮಾ ಎಂದೆ. "ನನಗೆ ಹೇಳಿ ಏನು ಬಂತು? ಮನೆಯವರಿಗೆ ಹೇಳಿ."

ಮೆಟ್ಟಿಲು ಇಳಿಯುವಾಗ ಸಿಸ್ಟರಮ್ಮ ಜೊತೆಗೆ ಬಂದರು. ನಿಮ್ಮ ಹೆಂಡತಿ ಏನು ಮಾಡುತ್ತಾರೆ ಎಂದು ಕೇಳಿದರು. ಹೊಲಿಯುತ್ತಾಳೆ ಎಂದೆ. ಅವರು ಅಲ್ಲೇ ನಿಂತುಬಿಟ್ಟರು. ಎರಡು ವರ್ಷದ ಹಿಂದೆ ಒಬ್ಬಾಕೆ ಫೋನ್ ಮಾಡಿದ್ದರಂತೆ, ಹಿಂದೆ ಹೊಲಿಗೆ ಮಷಿನ್‌ಗಳ ಸದ್ದು. ಐದೂವರೆಗೆ ಕೆಲಸ ಬಿಡುತ್ತದೆ, ಆರು ದಾಟಿ ಬಂದರೆ ತಡವಾಗುವುದಿಲ್ಲವೇ, ಮಗಳು ಒಂದು ಮೂಲೆಯಲ್ಲಿ ಕುಳಿತು ಹೋಂವರ್ಕ್ ಮಾಡಬಹುದೇ ಎಂದು ಕೇಳಿದರಂತೆ. "ಮೂರು ವಾರ ಅವರಿಗೊಂದು ಕುರ್ಚಿ, ಮಗೂಗೊಂದು ಕುರ್ಚಿ ಹಾಕಿಟ್ಟಿದ್ವಿ. ಬರಲೇ ಇಲ್ಲ" ಎಂದರು.

ಚೀಟಿ ಹೇಗೆ ಬಂತೆಂದು ಕೇಳಬೇಡ ಎಂದಿದ್ದೆ. ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಅತ್ತೆ.

ನಿನ್ನೆ ಅವರೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಒಮ್ಮೆಲೇ ಬಿಟ್ಟರೆ ಅಪಾಯವಂತೆ, ಮಾತ್ರೆ ಕೊಟ್ಟಿದ್ದಾರೆ. ಇವತ್ತು ಶುಕ್ರವಾರ, ಆರು ಗಂಟೆಗೆ ಹೋಗುತ್ತೇನೆ. ನಾಳೆ ಏನೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದವನ ಮನೆಗೆ ಮಗುವನ್ನು ಕರೆದುಕೊಂಡು ಬರಬೇಡ. ನೀನು ಬೇಕು ಎಂದು ಬರೆದದ್ದು ಮಾತ್ರ ಕುಡಿದು ಬರೆದದ್ದಾದರೂ ಸುಳ್ಳಲ್ಲ. ಭಾನುವಾರ ಆ ರೈಲು ಬರುವ ಹೊತ್ತಿಗೆ ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ, ತಿಳಿಯುತ್ತಿಲ್ಲ.

ಚೂಟಿಯ ಅಪ್ಪ


೯ ಏಪ್ರಿಲ್

ನಿಮಗೆ,

ಒಂದು ವಾರ ಬರೆಯಲಿಲ್ಲ. ಬರೆದಿದ್ದರೆ ಬೈಗುಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಅಕ್ಕನ ಮುಂದೆ ಆ ಎರಡು ಪತ್ರ ಬಿಡಿಸಿಟ್ಟು ಮೆರೆದೆನಲ್ಲ, ಆ ಅವಮಾನ ಇನ್ನೂ ಉರಿಯುತ್ತಿದೆ. ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಒಡೆಯದೆ ವಾಪಸ್ ಕಳಿಸಿದ ನನ್ನನ್ನೂ ಕ್ಷಮಿಸಿಕೊಳ್ಳಲು ಆಗುತ್ತಿಲ್ಲ. ಎರಡೂ ಒಟ್ಟಿಗೇ ಇವೆ. ಅಕ್ಕ ಮಾತ್ರ ಎಲ್ಲ ಓದಿ, ಕನ್ನಡಕ ತೆಗೆದು, "ಬರಬೇಡ ಅಂದನಾ? ಪರವಾಗಿಲ್ಲ" ಎಂದಳು. ಅವಳ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು.

ಆ ಫೋನ್ ಮಾಡಿದ್ದು ನಾನೇ. ಕುಡಿಯುವ ಗಂಡನಿಗೆ ಏನು ಮಾಡಬೇಕು ಎಂದು ಕೇಳಿದೆ. ಅವರು "ಬನ್ನಿ" ಎಂದರು. ನಿಮ್ಮನ್ನು ಕರೆದುಕೊಂಡು ಬನ್ನಿ ಅನ್ನುತ್ತಿದ್ದಾರೆ ಅಂದುಕೊಂಡೆ, ಅದಕ್ಕೇ ಹೊತ್ತು, ಚೂಟಿಯ ವಿಷಯ ಎಲ್ಲ ಕೇಳಿದೆ. ನಿಮಗೆ ಹೇಳಲು ಧೈರ್ಯ ಬರಲಿಲ್ಲ, ಅವರು ಹೇಳಿದ್ದನ್ನು ಬರೆದುಕೊಂಡ ಚೀಟಿ ಬಾಬಿನ್ ಡಬ್ಬಿಯಲ್ಲೇ ಎರಡು ವರ್ಷ ಇತ್ತು. ಕರೆಯುತ್ತಿರುವುದು ನನ್ನನ್ನು ಎಂದು ನನ್ನ ತಲೆಗೇ ಹೋಗಲಿಲ್ಲ.

ಇಲ್ಲಿಯೂ ಒಂದು ಗುಂಪಿದೆ, ಮಂಗಳವಾರ. ಮೊನ್ನೆ ಹೋಗಿದ್ದೆ. ನನ್ನ ಸರದಿ ಬಂದಾಗ ಬಾಯಿಂದ "ಅವರಿಗೆ ಬೆನ್ನು" ಎಂದು ಹೊರಟಿತು. ನಿಲ್ಲಿಸಿ, ನನ್ನ ಗಂಡ ಕುಡಿಯುತ್ತಾರೆ ಎಂದೆ. ಮನೆಗೆ ಬಂದು ಚೂಟಿಗೂ ಹೇಳಿದೆ. ಅಪ್ಪ ಕುಡೀತಾರೆ, ಬಿಡೋಕೆ ನೋಡ್ತಿದ್ದಾರೆ, ಅದಕ್ಕೇ ನಾವು ಈಗ ಹೋಗ್ತಿಲ್ಲ ಎಂದೆ. ಅವಳು ಚೀಲದಿಂದ ಬಟ್ಟೆ ತೆಗೆದು ಕಪಾಟಿನಲ್ಲಿ ಜೋಡಿಸುತ್ತಾ, "ನಂಗೊತ್ತಮ್ಮ. ನಿಂಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ" ಎಂದಳು.

ಇವತ್ತು ಶಾಲೆಯಲ್ಲಿ ಸಹಿ ಹಾಕಿ ಬಂದೆ. ಒಂದು ವರ್ಷ ಅವಳು ಇಲ್ಲೇ ಓದುತ್ತಾಳೆ. ಇದನ್ನು ಬರೆಯಲು ಎಷ್ಟು ಸಲ ಪೆನ್ನು ಕೆಳಗಿಟ್ಟೆನೋ ನನಗೇ ಗೊತ್ತು. ಇನ್ನು ಮೇಲೆ ಕುಡಿದರೆ ಕುಡಿದೆ ಎಂದು ಬರೆಯಿರಿ, ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ. ಯಾವುದಾದರೂ ಓದುತ್ತೇನೆ.

ಒಂದು ಮಾತು ಹೇಳಲೇಬೇಕು. ಹನ್ನೊಂದು ವರ್ಷದಲ್ಲಿ ನೀವು ಬಾ ಎಂದು ಕರೆದದ್ದಕ್ಕೆಲ್ಲ ನಾನು ಹೆದರಿಕೊಂಡೇ ಬಂದಿದ್ದೇನೆ. ಬರಬೇಡ ಎಂದು ಬರೆದಿರಲ್ಲ, ಅದನ್ನು ಓದಿದಾಗಿನಿಂದ ಎದ್ದು ಓಡಿ ಬಂದುಬಿಡೋಣ ಅನ್ನಿಸುತ್ತಿದೆ. ಭಾನುವಾರ ಆ ರೈಲು ಹೊರಡುವ ಹೊತ್ತಿಗೆ ನಾನು ಸ್ಟೇಷನ್ನಿನಲ್ಲೇ ಇದ್ದೆ. ಅದು ಹೋಗುವುದನ್ನು ನೋಡಿ ಮನೆಗೆ ಬಂದೆ.

ನಾಳೆ ಶುಕ್ರವಾರ. ತಪ್ಪಿಸಬೇಡಿ.

ನಿಮ್ಮವಳು